ಓತಿಕ್ಯಾತ ಹಕ್ಕಿ

ರಾಜೂರಿನ ಅರ್ಜುನಪ್ಪ ಬಣವಿಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಹಬ್ಬಿದಾಗ, ಹೇಗೆ ಬಿದ್ದ ಎಂದು ಊರಲ್ಲಿ ಯಾರೂ ಕೇಳಲಿಲ್ಲ. "ಯಾವ ಹಕ್ಕಿ?" ಎಂದು ಕೇಳಿದರು.

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದಸರೆ ಕಳೆದ ಮೇಲೆ ಎಲ್ಲಿಂದಲೋ ಬಂದು ಹೊಲಗಳ ಮೇಲೆ ರೆಕ್ಕೆ ಬಡಿಯದೆ ತೇಲಿ ಹೋಗುವ ಬೂದು ಗಿಡುಗವೊಂದು ಆ ದಿನ ಅವನ ಕಣದ ಮೇಲೆ ಬಂದಿತ್ತು. ಅದು ಯಾವ ಕಡೆ ಇಳಿಯುತ್ತದೆಂದು ನೋಡಲು ಅರ್ಜುನಪ್ಪ ಬಣವಿ ಹತ್ತಿದ. ಗಿಡುಗ ತಿರುಗಿತು, ಇವನೂ ತಿರುಗಿದ. ತಿರುಗಿ ಹೆಜ್ಜೆ ಇಟ್ಟ ಕಡೆ ಬಣವಿ ಇರಲಿಲ್ಲ.

ಸವಡಿಯಿಂದ ಎಲುಬು ಕಟ್ಟುವವನನ್ನು ಕರೆಸಿದರು. ಅವನು ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿ, "ಎಳ್ಳಮಾಸಿ ತನಕ ಈ ಕಾಲ ನೆಲಕ್ಕ ಊರಿದ್ಯೋ, ಮುಂದ ನಿನ್ನ ಅರ್ಜುನಪ್ಪ ಅಂತ ಕರಿಯಂಗಿಲ್ಲ, ಕುಂಟಪ್ಪ ಅಂತ ಕರೀತಾರ" ಎಂದು ಹೆದರಿಸಿ ಹೋದ.

ಅರ್ಜುನಪ್ಪನ ಹೆಂಡತಿ ತಿಪ್ಪವ್ವನಿಗೆ ಸಿಟ್ಟು ಬೇಗ. ಆದರೆ ಆ ಸಿಟ್ಟು ಬಾಯಲ್ಲೇ ಮುಗಿಯುತ್ತಿತ್ತು, ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಗಂಡನನ್ನು ಬಾಯಿ ತುಂಬ ಬೈಯುತ್ತಲೇ ಅವಳು ಅವನು ಮಲಗುವ ಹೊರಸನ್ನು ಪಡಸಾಲೆಗೆ ಎಳೆದು, ಅಂಗಳವೂ ಬೇವಿನ ಗಿಡವೂ ಕಾಣುವ ಹಾಗೆ ಹಾಕಿದಳು. ಮಲಗಿದಲ್ಲಿಂದ ನಾಲ್ಕು ಹಕ್ಕಿಯಾದರೂ ಕಾಣಲಿ, ಇಲ್ಲದಿದ್ದರೆ ಈ ಮನುಷ್ಯನನ್ನು ಹಿಡಿಯುವುದು ಕಷ್ಟವೆಂದು ಅವಳಿಗೆ ಗೊತ್ತಿತ್ತು. ಹೊಲದಲ್ಲಿ ಶೇಂಗಾ ಕೀಳುವ ಹೊತ್ತು. ಇದ್ದ ಒಬ್ಬಳೇ ಮಗಳು ಕಳಕವ್ವ ಇಟಗಿಯಲ್ಲಿ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿ. ಆಳುಗಳ ಬೆನ್ನು ಹತ್ತುವುದರಿಂದ ಹಿಡಿದು ಎತ್ತುಗಳಿಗೆ ಮೇವು ಹಾಕುವವರೆಗೆ ಎಲ್ಲವೂ ತಿಪ್ಪವ್ವನ ತಲೆಯ ಮೇಲೆ ಬಂತು.

ಅದು ಕರ್ನಾಟಕ ಒಂದಾದ ವರ್ಷ. ದೀಪಾವಳಿಯ ಮರುವಾರ ನೆರೆಮನೆಯ ಮೈಲಾರಪ್ಪ ಎಲೆಯಡಿಕೆ ಸಂಚಿ ಹಿಡಿದುಕೊಂಡು ಗೆಳೆಯನನ್ನು ನೋಡಲು ಬಂದ. ಅರ್ಜುನಪ್ಪನ ಜೊತೆ ಸಾಲಿಗೆ ಹೋದವನು, ಜೊತೆಗೇ ಸಾಲಿ ಬಿಟ್ಟವನು. ಊರಿನಲ್ಲಿ ಯಾರಿಗೆ ಅಡ್ಡಹೆಸರು ಬಿದ್ದರೂ ಅದರ ಮೂಲ ಇವನ ಬಾಯಿಯೇ.

"ಅರ್ಜುನಾ, ನಿನ್ನಿ ತನಕ ಮುಂಬೈದವರಾಗಿದ್ವಿ, ಈಗ ಮೈಸೂರಿನವರಾಗೇವಿ. ನಿನ್ನ ಹಕ್ಕಿಗೋಳಿಗೆ ಯಾರರ ಹೇಳ್ಯಾರೋ ಇಲ್ಲೋ? ದಾರಿ ತಪ್ಪಿ ಗಿಪ್ಪಿ ಪುಣೇದಾಗ ಉಳದಾವು, ನೋಡು" ಎಂದ.

ಅರ್ಜುನಪ್ಪ ನಕ್ಕ. "ಆ ಓತಿಕ್ಯಾತ ಹಕ್ಕಿ ಬಂತೇನು ಈ ವರ್ಷ?" ಎಂದು ಮೈಲಾರಪ್ಪ ಕೇಳಿದಾಗ ಮಾತ್ರ ನಗಲಿಲ್ಲ. ಬೇವಿನ ಗಿಡದ ಕಡೆ ಮುಖ ತಿರುಗಿಸಿದ.

ಆ ಓತಿಕ್ಯಾತ ಹಕ್ಕಿಯ ಕತೆ ಹೀಗೆ.

ಆರೇಳು ವರ್ಷದ ಹಿಂದೆ ಗಜೇಂದ್ರಗಡದ ಕೋಟೆ ನೋಡಲು ಬಂದ ಡಾಕ್ಟರೊಬ್ಬರು, ಕೊರಳಲ್ಲಿ ದುರ್ಬೀನು ಹಾಕಿಕೊಂಡವರು, ಗುಡ್ಡ ಇಳಿಯುವಾಗ ದಾರಿ ತಪ್ಪಿ ಅರ್ಜುನಪ್ಪನ ಹೊಲಕ್ಕೆ ಬಂದಿದ್ದರು. ಇವನು ತನ್ನ ಬುತ್ತಿ ಬಿಚ್ಚಿ ರೊಟ್ಟಿ ಜುಣಕ ಕೊಟ್ಟ. ಮಾತಿಗೆ ಮಾತು ಬಂದು ನೋಡಿದರೆ ಇಬ್ಬರದೂ ಒಂದೇ ಹುಚ್ಚು. ಅರ್ಜುನಪ್ಪ ಹುಡುಗನಾಗಿದ್ದಾಗಿನಿಂದ ಹಕ್ಕಿ ನೋಡುವವನು, ಆದರೆ ಜಗತ್ತಿನಲ್ಲಿ ತಾನೊಬ್ಬನೇ ಹೀಗೆ ಎಂದು ಒಳಗೊಳಗೇ ನಾಚಿಕೊಂಡಿದ್ದ. ಆ ದಿನ ಅವನ ನಾಚಿಕೆ ಹೋಯಿತು. ಏಳುವಾಗ ಡಾಕ್ಟರು ಒಂದು ಮಾತು ಹೇಳಿದರು: "ಚಳಿಗಾಲಕ್ಕ ಬರೋ ಸಣ್ಣ ಹಕ್ಕಿಗಳೆಲ್ಲ ಮಣ್ಣು ಬಣ್ಣದವು, ಒಂದರ ಹಾಗೇ ಇನ್ನೊಂದು. ಅವುಗಳ ಗೊಡವಿ ಬಿಡು. ಆದರ ನಿಮ್ಮದು ಕಲ್ಲು ಗುಡ್ಡ. ಕಲ್ಲಿನ ಮೇಲೆ ಓತಿಕ್ಯಾತದಂಗ ತಲೆ ಕೆಳಗು ಮಾಡಿ ಹರಿದಾಡೋದು ಒಂದು ಕಂಡರ ಅದರ ಹೊಟ್ಟಿ ನೋಡು. ಹಳದಿ ಇದ್ದರ ಅದು ಹಿಮದ ಗುಡ್ಡದಿಂದ ಬಂದದ್ದು. ಈ ಕಡೆ ಭಾಳ ಅಪರೂಪ, ನಾನೂ ಇನ್ನೂ ನೋಡಿಲ್ಲ."

ಅದೇ ವರ್ಷ ಕಾರ್ತಿಕದಲ್ಲಿ ಒಂದು ಸಂಜೆ ಅರ್ಜುನಪ್ಪನಿಗೆ ಆ ಹಕ್ಕಿ ಕಂಡಿತು. ಧೋತರದ ಗಂಟು ಬಿಗಿಯುವಷ್ಟು ಹೊತ್ತು, ಅಷ್ಟೇ. ಏದುಸಿರು ಬಿಡುತ್ತ ಊರಿಗೆ ಬಂದವನು ಕಟ್ಟೆಯ ಮೇಲೆ ಕುಳಿತವರಿಗೆಲ್ಲ, ಹಿಮದ ಗುಡ್ಡದ ಹಕ್ಕಿ ನಮ್ಮ ಹೊಲದಾಗ ಬಂದೈತಿ, ಕಲ್ಲಿನ ಮ್ಯಾಲ ಓತಿಕ್ಯಾತದಂಗ ಹರಿದಾಡತೈತಿ ಎಂದು ಹೇಳಿದ. ಹೊಟ್ಟೆಯ ಬಣ್ಣದ ಮಾತು ಮಾತ್ರ ಹೇಳಲಿಲ್ಲ. ಹಳದಿಯೇನೋ ಕಂಡಿತ್ತು, ಆದರೆ ಮುಳುಗುವ ಹೊತ್ತಿನ ಬಿಸಿಲಲ್ಲಿ ಬಿಳಿ ಎತ್ತೂ ಹಳದಿಯಾಗಿಯೇ ಕಾಣುತ್ತದೆ. ತನ್ನ ಕಣ್ಣಿನ ಮೇಲೆ ಅವನಿಗೇ ಪೂರ್ತಿ ನಂಬಿಕೆ ಬರಲಿಲ್ಲ. ತಾನು ಬಾಯಿ ಬಿಡದೆ ಬೇರೆ ಯಾರಾದರೂ ಆ ಬಣ್ಣ ಹೇಳಿದರೆ ಆವಾಗ ಖರೆ ಎಂದು ಮನಸ್ಸಿನಲ್ಲೇ ಇಟ್ಟುಕೊಂಡ.

ಕಟ್ಟೆಯ ಮಂದಿ ಬಿದ್ದು ಬಿದ್ದು ನಕ್ಕರು. "ಹಕ್ಕಿಗೆ ರೆಕ್ಕಿ ಅದಾವೋ, ಇಲ್ಲಾ ಓತಿಕ್ಯಾತದಂಗ ಬಾಲ ಅಷ್ಟ ಐತೋ?" ಎಂದ ಮೈಲಾರಪ್ಪ. ನೀರು ಹೊತ್ತು ಆ ದಾರಿಯಲ್ಲೇ ಬಂದ ತಿಪ್ಪವ್ವನೂ ನಕ್ಕಳು. ಎಷ್ಟು ನಕ್ಕಳೆಂದರೆ ಕೊಡ ಇಳಿಸಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳಬೇಕಾಯಿತು.

ಅಲ್ಲಿಂದ ಮುಂದೆ ಅರ್ಜುನಪ್ಪ ಮನೆಯಲ್ಲಿ ಹಕ್ಕಿಯ ಮಾತು ತೆಗೆಯಲಿಲ್ಲ. ಮುನಿಸಿಕೊಂಡನೆಂದಲ್ಲ; ಎತ್ತು, ಮಳೆ, ಮಗಳ ಮದುವೆ, ಎಲ್ಲ ಮಾತೂ ಇತ್ತು. ಅದಕ್ಕೆ ಮುಂಚೆ ದಿನಾ ಸಂಜೆ ಅವಳು ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕುಳಿತು ಯಾವ ಹಕ್ಕಿ ಎಲ್ಲಿ ಗೂಡು ಕಟ್ಟಿತು, ಯಾವುದು ಈ ವರ್ಷ ತಡವಾಗಿ ಬಂತು ಎಂದು ಹೇಳುತ್ತಿದ್ದ. ಅವಳು ಕೇಳುತ್ತಿದ್ದದ್ದು ಅರ್ಧ ಕಿವಿಯಲ್ಲಿ. ಅದು ನಿಂತುಹೋದ ಮೇಲೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೊಂದೇ ಉಳಿಯಿತು. ಆ ಮಾತು ತನಗೆ ಬೇಕಾಗಿತ್ತು ಎಂದು ತಿಪ್ಪವ್ವನಿಗೆ ಆಗ ತಿಳಿಯಿತು. ತಿಳಿದರೂ ಹೋಗಿ ಕೇಳುವುದು ಹೇಗೆ? ನಕ್ಕವಳು ತಾನು. ಕೇಳಿದರೆ ಇನ್ನೊಮ್ಮೆ ನಗಲು ಬಂದಿದ್ದಾಳೆಂದು ತಿಳಿದುಕೊಂಡಾನು ಎಂದು ಸುಮ್ಮನಿದ್ದಳು. ಸುಮ್ಮನಿರುವುದೇ ರೂಢಿಯಾಯಿತು.

ಮೈಲಾರಪ್ಪ ಬಂದು ಹೋದ ಎರಡು ಮೂರು ದಿನಕ್ಕೆ ತಿಪ್ಪವ್ವ ಗುಡ್ಡದ ಬುಡದ ಹೊಲದಲ್ಲಿ ಶೇಂಗಾ ಬಳ್ಳಿ ಕೀಳುತ್ತಿದ್ದಳು. ಪಕ್ಕದ ಸಾಲಿನಲ್ಲಿ ಕೂಲಿಯ ಗುಡ್ಡವ್ವ. ಹೊಲದ ಬದುವಿಗೆ, ಅರ್ಜುನಪ್ಪನ ಅಪ್ಪನ ಕಾಲದಿಂದ ಆರಿಸಿ ಹಾಕಿದ ಕಲ್ಲುಗಳ ಒಂದು ದೊಡ್ಡ ಗುಂಪಿ ಇದೆ. ಬೆನ್ನು ನೆಟ್ಟಗೆ ಮಾಡಲೆಂದು ಎದ್ದ ತಿಪ್ಪವ್ವನಿಗೆ ಆ ಗುಂಪಿಯ ಮೇಲೆ ಏನೋ ಹರಿದಂತಾಯಿತು.

"ಗುಡ್ಡವ್ವಾ, ಅಲ್ಲಿ ಇಲಿ ನೋಡು. ಕಾಯಿ ತಿನ್ನಾಕ ಬಂದಾವು."

ಗುಡ್ಡವ್ವ ತಲೆ ಎತ್ತುವಷ್ಟರಲ್ಲಿ ಇಲಿ ಕಲ್ಲಿನ ಅಂಚಿನಿಂದ ತಲೆಕೆಳಗಾಗಿ ಇಳಿದು, ಪುರ್ರೆಂದು ಹಾರಿ ಜಾಲಿಗಿಡದೊಳಗೆ ಹೋಯಿತು.

"ನಿಮ್ಮ ಹೊಲದಾಗ ಇಲಿಗೂ ರೆಕ್ಕಿ ಬಂದಾವೇನಕ್ಕಾ?" ಎಂದಳು ಗುಡ್ಡವ್ವ.

ತಿಪ್ಪವ್ವ ಕಿತ್ತ ಬಳ್ಳಿಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು. ಕಲ್ಲಿನ ಮೇಲೆ, ತಲೆಕೆಳಗಾಗಿ, ಓತಿಕ್ಯಾತದ ಹಾಗೆ. ಇಷ್ಟು ವರ್ಷ ನಕ್ಕಿದ್ದು ಇದಕ್ಕೇ ಅಲ್ಲವೇ!

ಸಂಜೆ ಮನೆಗೆ ಬಂದವಳು ಕಾಲು ಸಹ ತೊಳೆಯದೆ ಹೊರಸಿನ ಹತ್ತಿರ ಹೋಗಿ ನಿಂತಳು. "ಏನ್ರಿ, ಬದುವಿನ ಕಲ್ಲಿನ ಮ್ಯಾಲ ಒಂದ ಸಣ್ಣ ಹಕ್ಕಿ ಹರದಾಡ್ತು. ಓತಿಕ್ಯಾತದಂಗ" ಎಂದು ಹೇಳಿ, ಬೈಸಿಕೊಳ್ಳಲು ತಯಾರಾದವಳ ಹಾಗೆ ಗಲ್ಲ ಮೇಲೆತ್ತಿದಳು.

ಅರ್ಜುನಪ್ಪ ಮೊದಲು ಅವಳ ಮುಖ ನೋಡಿದ. ಅದರಲ್ಲಿ ನಗು ಇರಲಿಲ್ಲ. ಮೊಳಕೈ ಊರಿ ಎದ್ದು ಕೂಡಲು ಹೋಗಿ, ಕಾಲು ನೋವಾಗಿ, "ಅವ್ವಾ" ಎಂದು ಮತ್ತೆ ಒರಗಿದ.

"ಕೂಡು. ಏನ ಕಂಡಿ ಅಷ್ಟ ಹೇಳು. ಕಾಣದ್ದು ಕಾಣಲಿಲ್ಲ ಅನ್ನು. ಕಂಡಿರಬೇಕು ಅಂತ ಒಂದ ಮಾತೂ ಸೇರಿಸಬ್ಯಾಡ."

"ಏನ್ ಕೋರ್ಟನ್ರಿ ಇದು?"

"ಕೋರ್ಟ ಅಂತ ತಿಳಿ. ಎಷ್ಟ ದೊಡ್ಡದಿತ್ತು?"

"ಗುಬ್ಬಿಗಿಂತ ಸಣ್ಣದು."

"ಬೆನ್ನು?"

"ಧೂಳಿನಂಗ. ಮಬ್ಬು."

"ರೆಕ್ಕಿ ಮ್ಯಾಲ ಬಿಳೀ ಪಟ್ಟಿ ಇತ್ತೋ?"

"ಇರಲಿಲ್ಲ. ಅಲ್ಲ, ಕಾಣಲಿಲ್ಲ."

"ಹಾಂ, ಹಂಗ ಹೇಳು. ಕೆಳಗ?"

"ಕೆಳಗ ಕಲ್ಲಿತ್ತು" ಎಂದಳು ತಿಪ್ಪವ್ವ. ಅರ್ಜುನಪ್ಪ ಜೋರಾಗಿ ನಕ್ಕ. ಬಿದ್ದ ಮೇಲೆ ಅವನು ಹಾಗೆ ನಕ್ಕಿದ್ದು ಅದೇ ಮೊದಲು. ಕಲ್ಲು ಹತ್ತುವುದೊಂದರಿಂದಲೇ ಏನೂ ಹೇಳಲು ಬರುವುದಿಲ್ಲ, ಬೇರೆ ಮಣ್ಣುಬಣ್ಣದವೂ ಹುಳ ಹುಡುಕುತ್ತ ಒಮ್ಮೊಮ್ಮೆ ಕಲ್ಲು ಹತ್ತುತ್ತವೆ ಎಂದು ಅವಳಿಗೂ ತನಗೂ ಸೇರಿಸಿ ಸಮಾಧಾನ ಹೇಳಿದ. ಅದು ಯಾವ ಬಣ್ಣದ್ದಿರಬೇಕು ಎಂದು ಮಾತ್ರ ಹೇಳಲಿಲ್ಲ. ಅವಳು ಕೇಳಿದರೂ ಹೇಳಲಿಲ್ಲ. "ನಾ ಹೇಳಿದ್ನೆಂದ್ರ ನಿನ್ನ ಕಣ್ಣು ನಂದಾಗತೈತಿ. ನಂಗ ನಿನ್ನ ಕಣ್ಣು ಬೇಕು" ಎಂದ.

ಮುಂದೆ ನಾಲ್ಕಾರು ದಿನ ತಿಪ್ಪವ್ವ ಬುತ್ತಿ ತಿನ್ನುವುದನ್ನು ಬನ್ನಿಗಿಡದ ನೆರಳಿನಿಂದ ಬದುವಿನ ಬಿಸಿಲಿಗೆ ಬದಲಿಸಿದಳು. "ಗಂಡಗ ಹಿಡದದ್ದು ಹೇಣ್ತಿಗೂ ಹತ್ತೇತಿ. ಬಣವಿ ಒಂದ ಹತ್ತಬ್ಯಾಡಕ್ಕಾ" ಎಂದು ಗುಡ್ಡವ್ವ ಆಡಿಕೊಂಡಳು. ತಿಪ್ಪವ್ವ "ನಿನ್ನ ಸಾಲು ನೀ ನೋಡ್ಕೊ" ಎಂದು ಬೈದು, ಕೈಯ ರೊಟ್ಟಿ ಮರೆತು ಕಲ್ಲು ನೋಡಿದಳು.

ಹಕ್ಕಿಯೇನು ಇವಳ ನೆಂಟನೇ, ಎದುರು ಬಂದು ಕೂಡಲು? ಒಂದು ದಿನ ಬರಲೇ ಇಲ್ಲ. ಮತ್ತೊಂದು ದಿನ ಬಂತು, ಆದರೆ ಬಿಸಿಲು ಕಣ್ಣಿಗೆ ಹೊಡೆಯುವ ಕಡೆ ಕುಳಿತಿತು. ಕಣ್ಣಿನ ಮೇಲೆ ಹುಬ್ಬಿನಂಥ ತಿಳಿ ಗೆರೆ ಇದೆಯೆಂದು ಕಾಣುವಷ್ಟರಲ್ಲಿ ಕಲ್ಲಿನ ಹಿಂದೆ ಹೋಗಿತ್ತು. ಹುಬ್ಬಿನ ಸುದ್ದಿ ಕೇಳಿ ಅರ್ಜುನಪ್ಪ ಕೈ ಕೈ ಉಜ್ಜಿಕೊಂಡ. "ಹುಬ್ಬು ಎಂಥಾ ಬಣ್ಣ?" ಎಂದು ಕೇಳಿದ. "ಬಿಸಿಲಿತ್ತು, ತಿಳೀಲಿಲ್ಲ" ಎಂದಳು. ಸುಳ್ಳೇ ಒಂದು ಬಣ್ಣ ಹೇಳಿ ಅವನನ್ನು ಖುಷಿಪಡಿಸಬೇಕೆಂದು ಒಂದು ಗಳಿಗೆ ಅನಿಸಿತು. ಆದರೆ ಯಾವ ಬಣ್ಣಕ್ಕೆ ಅವನು ಖುಷಿಪಡುತ್ತಾನೆಂದು ಗೊತ್ತಿರಲಿಲ್ಲವಲ್ಲ! ಆ ಮನುಷ್ಯ ಎಲ್ಲ ಕಡೆ ಬೇಲಿ ಹಾಕಿಟ್ಟಿದ್ದ.

ಹೀಗೆ ಸಂಜೆ ಸಂಜೆ ಹೊರಸಿನ ಅಂಚಿಗೆ ಕುಳಿತು ಮಾತಾಡುವುದು ಶುರುವಾಯಿತು. ತಿಪ್ಪವ್ವನಿಗೆ ಹಕ್ಕಿ ಸಿಗಲಿ ಬಿಡಲಿ, ಇದು ಸಿಕ್ಕಿದ್ದು ಹಿತವಾಗಿತ್ತು. ಹೊಲದಿಂದ ಬರುವಾಗ ಹೆಜ್ಜೆ ತಾನಾಗಿಯೇ ಬೀಸಾಗುತ್ತಿತ್ತು.

ಶೇಂಗಾ ಮುಗಿಯುವ ದಿನ ಮೋಡ ಕವಿದಿತ್ತು. ಬಿಸಿಲಿಲ್ಲ, ನೆರಳಿಲ್ಲ, ಎಲ್ಲ ಕಡೆ ಒಂದೇ ಸಮನೆ ತಣ್ಣನೆಯ ಬೆಳಕು. ಮಧ್ಯಾಹ್ನ ಬಳ್ಳಿ ಹೊರೆ ಕಟ್ಟುತ್ತಿದ್ದ ತಿಪ್ಪವ್ವನಿಗೆ ಮಾರು ದೂರದಲ್ಲೇ ಹಕ್ಕಿ ಕಲ್ಲಿನ ತಲೆ ದಾಟಿ ಈ ಕಡೆ ಇಳಿಯಿತು. ಕಲ್ಲಿನ ಅಂಚಿಗೆ ಕಾಲು ಕೊಟ್ಟು ಜೋತುಬಿದ್ದು, ಸಂದಿಯೊಳಗಿನ ಹುಳಕ್ಕೆ ಕುತ್ತಿಗೆ ಚಾಚಿ, ಹೊಟ್ಟೆಯನ್ನು ಪೂರ್ತಿ ಅವಳ ಕಡೆ ತಿರುಗಿಸಿತು. ಕಣ್ಣು ಪಿಳುಕಿಸಿದಳು, ಹಕ್ಕಿ ಇಲ್ಲ.

ಆದರೆ ಆ ಪಿಳುಕಿನೊಳಗೆ ತಿಪ್ಪವ್ವನ ಮನಸ್ಸು ಒಂದು ಮಾತು ಹೇಳಿಬಿಟ್ಟಿತ್ತು: ಅಯ್ಯ, ನಮ್ಮ ಕಳಕವ್ವನ ಕುಂಚಿಗಿ!

ಇದು ಕೌದಿ ಹೊಲಿಯುವ ಹೆಂಗಸರ ಬುದ್ಧಿ. ಮಗಳ ಬಾಣಂತನಕ್ಕೆಂದು ತಿಪ್ಪವ್ವ ದಸರೆಯಿಂದ ಕೌದಿಗೆ ಹಳೆ ಬಟ್ಟೆಯ ತುಂಡು ಕೂಡಿಸುತ್ತಿದ್ದಳು. ಕೌದಿಯವರಿಗೆ ಬಣ್ಣಕ್ಕೆ ಹೆಸರಿಲ್ಲ, ತುಂಡಿಗೆ ಹೆಸರುಂಟು. ಇದು ಅತ್ತೆಯ ಸೀರೆ, ಇದು ನಾದಿನಿಯ ಕುಬಸ, ಇದು ಮಗಳು ಕೂಸಾಗಿದ್ದಾಗ ತಲೆಗೆ ಕಟ್ಟಿದ ಕುಂಚಿಗಿ. ಇದರ ಬದಿಗೆ ಅದು ಒಪ್ಪುತ್ತದೆ, ಇದು ಒಪ್ಪುವುದಿಲ್ಲ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಅದು ಯಾವ ಬಣ್ಣ ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ.

ಮೋಡದಿಂದಾಗಿ ಬೇಗ ಕತ್ತಲಾಯಿತು. ಅವಳು ಗಾಡಿಯ ಜೊತೆ ಮನೆ ಸೇರುವ ಹೊತ್ತಿಗೆ ಮೈಲಾರಪ್ಪನ ಹೆಂಡತಿ ಅಡಿವೆವ್ವ ಬಂದು ಪಡಸಾಲೆಯಲ್ಲಿ ಕಂದೀಲು ಹಚ್ಚಿಟ್ಟು ಹೋಗಿದ್ದಳು.

"ಕಂಡೆ. ಹೊಟ್ಟಿ ಕಂಡೆ" ಎಂದಳು ತಿಪ್ಪವ್ವ ಹೊಸ್ತಿಲಲ್ಲೇ.

ಅರ್ಜುನಪ್ಪ ಮೊಳಕೈ ಊರಿ ತಲೆ ಎತ್ತಿದ. "ಬಿಸಿಲಿತ್ತೇನು?"

"ಇಲ್ಲ. ಮೋಡ."

"ಚಲೋ ಆತು. ಭಾಳ ಚಲೋ ಆತು. ಹೇಳು, ಎಂಥಾ ಬಣ್ಣ?"

"ಬಣ್ಣಕ್ಕ ಹೆಸರ ಹೇಳಾಕ ನಂಗ ಬರಂಗಿಲ್ಲ. ತಡೀರಿ" ಎಂದವಳೇ ಒಳಗೆ ಹೋಗಿ ಕೌದಿಯ ಗಂಟನ್ನೇ ತಂದು ಬಿಚ್ಚಿದಳು. ಒಂದೊಂದೇ ತುಂಡು ತೆಗೆದು ಗಂಡನ ಎದೆಯ ಮೇಲೆ ಹಕ್ಕಿಯನ್ನು ಜೋಡಿಸತೊಡಗಿದಳು. ಅತ್ತೆಯ ಸವೆದ ಸೀರೆಯದು ಬೆನ್ನು. ಮೈಲಾರಪ್ಪ ಬಿಸಾಕಿದ ಕೋಟಿನ ಚೂರು ರೆಕ್ಕೆ.

"ನನ್ನ ಹಕ್ಕಿಗೆ ಆ ಮೈಲಾರಿ ಕೋಟ ಹಾಕಿಸಿದ್ಯಾ?" ಎಂದು ಅರ್ಜುನಪ್ಪ ನಕ್ಕ.

ಹೊಟ್ಟೆಯ ತುಂಡಿಗೆ ಅವಳು ಗಂಟಿನಲ್ಲಿ ಕೈ ಹಾಕಿದಳು. ಮೇಲೇ ಇದ್ದ ಧೋತರದ ತುಂಡುಗಳನ್ನು ಸರಿಸಿದಳು, ಇನ್ನಷ್ಟು ಸರಿಸಿದಳು, ಕೊನೆಗೆ ಗಂಟನ್ನೇ ಬುಡಮೇಲು ಮಾಡಿದಳು. "ಎಷ್ಟೊತ್ತು? ಏನ ಹುಡಕ್ತಿ?" ಎಂದು ಅರ್ಜುನಪ್ಪ ಚಡಪಡಿಸಿದ. ಅಂತೂ ತಳದಿಂದ ಕುಂಚಿಗೆಯ ಬೊಗಸೆಯಷ್ಟು ತುಂಡು ಸಿಕ್ಕಿತು. ಅದನ್ನು ಅವನ ಎದೆಯ ಮೇಲಿಟ್ಟು, "ಇದು. ಥೇಟ್ ಇದು" ಎಂದಳು.

ಅರ್ಜುನಪ್ಪ ಕಂದೀಲಿನ ಕಡೆ ಹಿಡಿದು ನೋಡಿದ. ತಿರುಗಿಸಿ ನೋಡಿದ.

"ಬೆಳ್ಳಗೈತಲ್ಲ" ಎಂದ.

ತಿಪ್ಪವ್ವ ಬಗ್ಗಿ ತುಂಡನ್ನು ನೋಡಿದಳು. ಕಂದೀಲಿನ ಬೆಳಕಿನಲ್ಲಿ ಅದು ಬೆಳ್ಳಗೇ ಇತ್ತು. "ಹೌದ್ರಿ, ಬೆಳ್ಳಗ" ಎಂದಳು.

ಅವನು ತುಂಡುಗಳನ್ನು ಒಂದೊಂದಾಗಿ ಎದೆಯ ಮೇಲಿಂದ ಸರಿಸಿದ. "ಹಳದಿ ಇರಬೇಕಿತ್ತು ತಿಪ್ಪವ್ವಾ" ಎಂದು ಶುರುಮಾಡಿ, ಡಾಕ್ಟರು ಹೇಳಿದ ಮಾತು, ತಾನು ಕಂಡ ಸಂಜೆ, ಯಾರ ಹತ್ತಿರವೂ ಬಾಯಿ ಬಿಡದೆ ಇಟ್ಟುಕೊಂಡ ಗುಟ್ಟು, ಎಲ್ಲ ಹೇಳಿದ. "ಇದೂ ಕಲ್ಲು ಹತ್ತೂದ, ಇದರ ಹೊಟ್ಟಿ ಬಿಳೀದು ಅಂದಮ್ಯಾಲ ಆವತ್ತ ನಾ ನೋಡಿದ್ದೂ ಇದ ಇರಬೇಕು. ಬಿಸಿಲು ನನ್ನ ಕಣ್ಣ ಕಟ್ಟೇತಿ. ಹೋಗ್ಲಿ ಬಿಡು, ಒಂದು ಗೊತ್ತಾತಲ್ಲ. ಊರು ನಕ್ಕದ್ದು ಬರೋಬ್ಬರಿ ಆತು."

ನಗುತ್ತಲೇ ಹೇಳಿದ. ರೊಟ್ಟಿ ಕೇಳಿ ಎರಡು ತಿಂದ. ಆಮೇಲೆ ಮಾತೇ ಆಡಲಿಲ್ಲ. ತಿಪ್ಪವ್ವನಿಗೆ ಆ ಮೌನ ಗುರುತಿನದು. ಇನ್ನು ಮುಂದೆ ಈ ಮನುಷ್ಯ ಹಕ್ಕಿಯ ಮಾತನ್ನು ಜನ್ಮದಲ್ಲಿ ತೆಗೆಯುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು. ಹಕ್ಕಿಯನ್ನು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಿನ ಹಕ್ಕಿಯ ಹೊಟ್ಟೆಯ ಮೇಲೂ ಕಂದೀಲಿನ ಬೆಳಕೇ ಬಿದ್ದಿತ್ತು.

ಬೆಳಗಾಗುವಷ್ಟರಲ್ಲಿ ಮೋಡ ಹರಿದಿತ್ತು. ಕಸ ಹೊಡೆಯುತ್ತ ಹೊರಸಿನ ಕೆಳಗೆ ಬಿದ್ದಿದ್ದ ತುಂಡುಗಳನ್ನು ಆರಿಸಿಕೊಂಡು ತಿಪ್ಪವ್ವ ಅಂಗಳಕ್ಕೆ ಹೋದಳು. ಧೂಳು ಝಾಡಿಸಲೆಂದು ಕುಂಚಿಗೆಯ ತುಂಡನ್ನು ಬಿಸಿಲಿಗೆ ಎತ್ತಿದವಳ ಕೈ ಅಲ್ಲೇ ನಿಂತಿತು.

ತುಂಡು ಹಳದಿ. ಗಾಢವಾದದ್ದಲ್ಲ, ಬಾಣಂತಿಯ ಅರಿಷಿಣದಲ್ಲಿ ಅದ್ದಿ, ಮತ್ತೆ ಮತ್ತೆ ಒಗೆದು, ಒಣಗಿಸಿ ತಿಳಿಯಾದ ಹಳದಿ. ಆದರೆ ಹಳದಿಯೇ, ಸಂಶಯವಿಲ್ಲ.

ದೀಪ ಹಚ್ಚಿದ ಮೇಲೆ ಕೌದಿಗೆ ತುಂಡು ಜೋಡಿಸಬಾರದು, ತಿಳಿ ಹಳದಿಯೂ ಬಿಳಿಯೂ ಒಂದೇ ಆಗುತ್ತವೆ ಎಂದು ಅತ್ತೆ ಅವಳ ಕೈಗೆ ಮೊದಲ ಸೂಜಿ ಕೊಟ್ಟ ದಿನವೇ ಹೇಳಿದ್ದಳು. ಇಷ್ಟು ಕೌದಿ ಹೊಲಿದರೂ ಆ ಮಾತು ಒಮ್ಮೆಯೂ ಮೀರದವಳು, ನಿನ್ನೆ ಗಂಡನ ಅವಸರದ ಮುಂದೆ ಮರೆತಿದ್ದಳು. "ಎಂಥಾ ಹುಚ್ಚಿ ನಾ!" ಎಂದು ಹಣೆ ಬಡಿದುಕೊಂಡು ಪಡಸಾಲೆಗೆ ಓಡಿದಳು.

"ಏನ್ರಿ, ಅದು ಹಳದೀನ ಐತ್ರಿ!"

ಅರ್ಜುನಪ್ಪ ಅವಳ ಕಡೆ ಪ್ರೀತಿಯಿಂದಲೇ ನೋಡಿದ. ಅದೇ ಅವಳಿಗೆ ಇನ್ನಷ್ಟು ಉರಿಯಿತು. "ಬ್ಯಾಡ ತಿಪ್ಪವ್ವಾ. ನಿನ್ನಿ ನಿನಗ ಗೊತ್ತಿರಲಿಲ್ಲ, ಖರೇ ಹೇಳಿದಿ. ಇವತ್ತ ನಂಗ ಏನ ಬೇಕಂತ ನಿನಗ ಗೊತ್ತಾಗೇತಿ. ಇನ್ನ ನೀ ಹಳದಿ ಅಂದರ ಅದಕ್ಕ ಕಿಮ್ಮತ್ತಿಲ್ಲ. ನನ್ನ ಸಮಾಧಾನಕ್ಕ ಹೇಳಾಕ ಹೋಗಬ್ಯಾಡ."

"ನಿಮ್ಮ ಸಮಾಧಾನ ಸುಡಲಿ! ನಿನ್ನಿ ನಾ ಬೆಳ್ಳಗ ಅಂದದ್ದು ಹಕ್ಕಿಗಲ್ಲ, ಈ ಅರಬಿಗೆ. ಬೆಳ್ಳಗೈತಲ್ಲ ಅಂತ ನೀವ ಅಂದ್ರಿ, ನಾ ಕಂದೀಲಿನಾಗ ನೋಡಿ ಹೂಂ ಅಂದೆ. ಇದನ್ನ ಆರಿಸಿದಾಗ ನಂಗ ಗೊತ್ತಿತ್ತೇನು, ನಿಮಗ ಹಳದಿ ಬೇಕಂತ?"

ಹೊರಸಿನ ಕಾಲುಗಡೆ ಹಿಡಿದು, ನೋವಿಗೆ ಅವನು ಕೂಗಿದರೂ ಬಿಡದೆ, ಬಿಸಿಲು ಬೀಳುವ ಕಡೆ ಎಳೆದಳು. ಕುಂಚಿಗೆಯ ತುಂಡನ್ನು ಅವನ ಅಂಗೈಯಲ್ಲಿಟ್ಟಳು. ಅವನು ನೋಡಿದ. ಅನುಮಾನದವನಿಗೆ ಇಷ್ಟು ಸಾಲದೆಂದು ಅವಳಿಗೆ ಗೊತ್ತಾಯಿತು. ಅವಳೇನು ಅವನ ಜೊತೆ ನಿನ್ನೆ ಮೊನ್ನೆಯಿಂದ ಬಾಳುವೆ ಮಾಡಿದವಳೇ? ಕೌದಿಯ ಗಂಟನ್ನು ತಂದು ಅವನ ಮಡಿಲಲ್ಲಿ ಸುರಿದಳು.

"ನಿಮ್ಮ ಧೋತರದ ತುಂಡು ಎಷ್ಟದಾವು ನೋಡ್ರಿ. ನರಗುಂದದ ಸಂತಿಯಾಗ ತಂದದ್ದು, ಹಾಲಿನಂಗ ಬೆಳ್ಳಗದಾವು, ಎಲ್ಲಾದಕ್ಕಿಂತ ಮ್ಯಾಲಿದ್ವು. ಹಕ್ಕಿ ಹೊಟ್ಟಿ ಬೆಳ್ಳಗ ಇದ್ದಿದ್ರ ಅವನ್ನ ಬಿಟ್ಟು ನಾ ತಳದಾಗಿನ ಕುಂಚಿಗಿ ಯಾಕ ಹುಡಕ್ತಿದ್ದೆ? ನಾ ಹುಡುಕೂದನ್ನ ನೀವ ಕಣ್ಣಾರೆ ನೋಡೀರಿ. ಎಷ್ಟೊತ್ತು ಅಂತ ಬೈದೀರಿ!"

ಅರ್ಜುನಪ್ಪನ ಬಾಯಿ ಅರ್ಧ ತೆರೆದುಕೊಂಡಿತು. ಧೋತರದ ತುಂಡೊಂದನ್ನು ತೆಗೆದು ಕುಂಚಿಗೆಯ ತುಂಡಿನ ಬದಿಗೆ ಹಿಡಿದ. ಬಿಸಿಲಿನಲ್ಲಿ ಎರಡೂ ಬೇರೆ ಬೇರೆ. ನಿನ್ನೆ ಅವಳ ಕೈ ಬಿಳಿಯನ್ನು ಒಂದು ಕಡೆ ಸರಿಸಿದ್ದು, ಮತ್ತೂ ಸರಿಸಿದ್ದು, ಗಂಟು ಬುಡಮೇಲು ಮಾಡಿದ್ದು, ಎಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಏನೂ ಗೊತ್ತಿಲ್ಲದವಳು, ಯಾರೂ ಹೇಳಿಕೊಡದೆ, ಬೇಕೆಂದೇ ಹಳದಿಯನ್ನು ಹುಡುಕಿ ತೆಗೆದಿದ್ದಳು.

"ಮೋಡ ಇತ್ತು ಅಂದ್ಯಲ್ಲ?" ಎಂದು ಕೇಳಿದ.

"ಮುಂಜಾನಿಂದ ಸಂಜಿ ತನಕ ಮೋಡ. ಗುಡ್ಡವ್ವನ್ನ ಕೇಳ್ರಿ ಬೇಕಾದ್ರ."

ಅವನು ನಗುತ್ತಾನೋ ಅಳುತ್ತಾನೋ ತಿಳಿಯದ ಹಾಗೆ ಮುಖ ಮಾಡಿದ. ಎರಡನ್ನೂ ಮಾಡಿದನೆನ್ನಬೇಕು. ತಿಪ್ಪವ್ವ ನಿಂತೇ ನೋಡಿದಳು. ಅವಳಿಗೆ ಜಂಬವೂ ಆಗಿತ್ತು, ನಾಚಿಕೆಯೂ ಆಗಿತ್ತು.

"ಈಗ ಮೈಲಾರಣ್ಣನ್ನ ಕರೀತೀನಿ ತಡೀರಿ. ಕಟ್ಟಿ ಮಂದಿನ್ನೆಲ್ಲಾ ಕರೀತೀನಿ. ಅಂದು ನಕ್ಕವರೆಲ್ಲಾ ಬಂದ ನೋಡಲಿ" ಎಂದು ಸೆರಗು ಬಿಗಿದಳು.

"ಅವರ್ಯಾಕ?" ಎಂದ ಅರ್ಜುನಪ್ಪ. "ಊರು ನಕ್ಕದ್ದು ನಂಗ ಒಂದ ದಿನನೂ ನಿದ್ದಿ ಕೆಡಿಸಿಲ್ಲ. ಮೈಲಾರಿ ನಗದಿದ್ರ ಅವಗ ಮೈಯಾಗ ಆರಾಮಿಲ್ಲ ಅಂತ ತಿಳೀತಿದ್ದೆ. ನೀ ನಕ್ಕಿದ್ದು..." ಅಲ್ಲಿಗೆ ನಿಲ್ಲಿಸಿದ. ಕುಂಚಿಗೆಯ ತುಂಡನ್ನು ಮಂಡಿಯ ಮೇಲಿಟ್ಟು ಅಂಗೈಯಿಂದ ನೀವಿದ. "ನೀ ನೋಡಿದ್ಯಲ್ಲ. ಸಾಕು."

ಒಲೆಯ ಮುಂದಿನ ಆ ಮಾತು ತನಗೆ ಬೇಕಾಗಿತ್ತೆಂದು ಇಷ್ಟು ವರ್ಷ ಅವಳು ಅಡಿಗೆಮನೆಯಲ್ಲಿ ಒಬ್ಬಳೇ ಕುಳಿತು ತಿಳಿದುಕೊಂಡದ್ದನ್ನು ಅವನೂ ಹೊರಗೆ ಒಬ್ಬನೇ ಕುಳಿತು ತಿಳಿದುಕೊಂಡಿದ್ದ. ತಿಪ್ಪವ್ವ ಬಿಗಿದ ಸೆರಗನ್ನು ಸಡಿಲಿಸಿ ಹೊರಸಿನ ಅಂಚಿಗೆ ಕುಳಿತಳು.

ಬಾಗಿಲಲ್ಲಿ ಗುಡ್ಡವ್ವ ಬಂದು ನಿಂತಿದ್ದಳು. "ಯಕ್ಕಾ, ಹೊತ್ತ ಎಲ್ಲಿಗೆ ಬಂತು ನೋಡು. ಶೇಂಗಾ ಕಾಯಿ ಬಿಡಸಾಕ ಹೆಣ್ಣಾಳೆಲ್ಲಾ ಕಣದಾಗ ಕುಂತಾರ. ನೀ ಬರತಿಯೋ ಇಲ್ಲೋ?"

ಹೊತ್ತೇರಿದ ಮೇಲೆ ಕಣಕ್ಕೆ ಹೋದವಳೆಂದು ತಿಪ್ಪವ್ವ ಯಾವತ್ತೂ ಅನ್ನಿಸಿಕೊಂಡವಳಲ್ಲ. ಕೂಲಿಯವರಿಗಿಂತ ಮುಂಚೆ ಕಣದಲ್ಲಿ ಇರುವವಳು. "ನೀವು ಶುರು ಮಾಡ್ರಿ, ನಾ ಹಿಂದಿಂದ ಬರ್ತೀನಿ" ಎಂದು ಕೈ ಬೀಸಿ ಅವಳನ್ನು ಕಳಿಸಿದಳು. ಕಾಲು ಮಡಚಿ ಹೊರಸಿನ ಮೇಲೆ ಸರಿಯಾಗಿ ಕುಳಿತಳು.

"ಹಿಮದ ಗುಡ್ಡ ಅಂದ್ರ ಎಲ್ಲೈತ್ರಿ ಅದು? ಅಷ್ಟ ಸಣ್ಣದು ಅಲ್ಲಿಂದ ನಮ್ಮ ಬದುವಿಗೆ ಹ್ಯಾಂಗ ಬರತೈತಿ?"

ಅರ್ಜುನಪ್ಪ ಮೊದಲು ಅವಳ ಮುಖ ನೋಡಿದ. ಆಮೇಲೆ ತಲೆದಿಂಬನ್ನು ಬೆನ್ನಿಗೆ ಸರಿಮಾಡಿಕೊಂಡು, ಅದು ರಾತ್ರಿ ಹೊತ್ತು ಹಾರುತ್ತದೆಂದು ಡಾಕ್ಟರು ಹೇಳಿದ್ದರಿಂದ ಶುರುಮಾಡಿದ.

"ರಾತ್ರಿ? ಕತ್ತಲಾಗ ದಾರಿ ಕಾಣತೈತೇನು?" ಎಂದಳು ತಿಪ್ಪವ್ವ. "ಹೂಂ, ಮುಂದ?"